ಯಂತ್ರ ನಿಂತಾಗ ಕೈ ಎಲ್ಲಿರಬೇಕು? ಕಾರ್ಖಾನೆಯಲ್ಲಿ ಸುರಕ್ಷತೆಯನ್ನೂ ದಕ್ಷತೆಯನ್ನೂ ಒಟ್ಟಿಗೆ ಹೆಚ್ಚಿಸುವ ಬಗೆ

ಬಹುತೇಕ ಕಾರ್ಖಾನೆಗಳಲ್ಲಿ ಸುರಕ್ಷತೆ ಒಬ್ಬರ ಜವಾಬ್ದಾರಿ, ಉತ್ಪಾದನೆ ಇನ್ನೊಬ್ಬರ ಜವಾಬ್ದಾರಿ ಎಂದು ಹಂಚಿಹೋಗಿರುತ್ತದೆ. ಸುರಕ್ಷತಾ ಅಧಿಕಾರಿ ಹೆಲ್ಮೆಟ್ಟು, ಬೂಟುಗಳನ್ನು ಗಮನಿಸುತ್ತಾರೆ. ಉತ್ಪಾದನಾ ವಿಭಾಗದವರು ಪಾಳಿಗೆ ಎಷ್ಟು ಮಾಲು ಹೊರಬಂತು ಎಂದು ಲೆಕ್ಕ ಹಾಕುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡಿ ಎಂಬ ಭಾವನೆ ಇಬ್ಬರಲ್ಲೂ ಉಳಿದಿರುತ್ತದೆ. ಯಂತ್ರದ ಪಕ್ಕದಲ್ಲಿ ಒಂದು ಪಾಳಿ ಪೂರ್ತಿ ನಿಂತು ನೋಡಿದವರಿಗೆ ಬೇರೆಯೇ ವಿಷಯ ಕಾಣುತ್ತದೆ. ಯಂತ್ರ ಸರಾಗವಾಗಿ ಓಡುತ್ತಿರುವಾಗ ಆಪರೇಟರ್ ಅದರೊಳಗೆ ಕೈ ಹಾಕಬೇಕಾದ ಕಾರಣವೇ ಇರುವುದಿಲ್ಲ. ಮಾಲು ಸಿಕ್ಕಿಕೊಂಡಾಗ, ಬೆಲ್ಟು ಜಾರಿದಾಗ, ಡೈ (ಮಾಲಿಗೆ ಆಕಾರ ಕೊಡುವ ಅಚ್ಚು) ಬದಲಿಸುವಾಗ, ಒಳಭಾಗವನ್ನು ಸ್ವಚ್ಛಗೊಳಿಸುವಾಗ ಕೈ ಒಳಗೆ ಹೋಗುತ್ತದೆ, ಮತ್ತು ಉತ್ಪಾದನೆ ಸೋರಿಹೋಗುವುದೂ ಅದೇ ಹೊತ್ತಿನಲ್ಲಿ. ಆದಕಾರಣ ಎರಡನ್ನೂ ಸುಧಾರಿಸಬೇಕೆಂದಿರುವವರು ಯಂತ್ರ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸವನ್ನು ಆಮೇಲೆ ನೋಡಿಕೊಳ್ಳಬಹುದು.

ನಿಲುಗಡೆ ಪುಸ್ತಕ

ಹೆಚ್ಚು ತೊಂದರೆ ಕೊಡುವ ಒಂದೇ ಒಂದು ಯಂತ್ರವನ್ನು ಆರಿಸಿಕೊಂಡು, ಅದರ ಬಳಿ ದಾರದಲ್ಲಿ ಪೆನ್ಸಿಲ್ ಕಟ್ಟಿದ ಒಂದು ನೋಟ್‌ಬುಕ್ ಇಡಬೇಕು. ಅದರಲ್ಲಿ ನಾಲ್ಕು ಕಾಲಂಗಳು ಸಾಕು: ಯಂತ್ರ ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತು ನಿಂತಿತು, ಏಕೆ ನಿಂತಿತು, ಅದನ್ನು ಸರಿಪಡಿಸಲು ಗಾರ್ಡ್, ಅಂದರೆ ಅಪಾಯದ ಭಾಗಕ್ಕೆ ಕೈ ತಗುಲದಂತೆ ತಡೆಯುವ ಮುಚ್ಚಳ, ತೆರೆಯಬೇಕಾಯಿತೇ. ಮೊದಲ ಮೂರನ್ನು ಬರೆದಿಡುವ ಅಭ್ಯಾಸ ಹಲವು ಕಡೆ ಇದೆ. ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಅಪಾಯದ ಲೆಕ್ಕ ಸಿಗುವುದು ಅದರಲ್ಲಿಯೇ. ಪುಸ್ತಕದಲ್ಲಿ ಆಪರೇಟರ್ ಹೆಸರಿಗೆ ಜಾಗ ಇಡಬಾರದು. ಹೆಸರು ಕೇಳಿದ ದಿನದಿಂದ ಪುಸ್ತಕದಲ್ಲಿ ಸುಳ್ಳು ತುಂಬತೊಡಗುತ್ತದೆ.

ಎರಡು ವಾರ ಬರೆದರೆ ಮೇಂಟೆನೆನ್ಸ್ ವಿಭಾಗದ ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ಎಂದೂ ಕಾಣದ ಸಂಗತಿಗಳು ಹೊರಬರುತ್ತವೆ. ಆ ರಿಜಿಸ್ಟರಿಗೆ ಹತ್ತು ನಿಮಿಷ, ಅರ್ಧ ಗಂಟೆ ನಿಂತ ಘಟನೆಗಳು ಮಾತ್ರ ಸೇರುತ್ತವೆ. ಮೂವತ್ತು ನಲವತ್ತು ಸೆಕೆಂಡಿನ ನಿಲುಗಡೆಗಳನ್ನು ಯಾರೂ ನಿಲುಗಡೆ ಎಂದೇ ಭಾವಿಸುವುದಿಲ್ಲ. ಜಪಾನಿನಲ್ಲಿ ಬೆಳೆದ ಟಿಪಿಎಂ (ಟೋಟಲ್ ಪ್ರೊಡಕ್ಟಿವ್ ಮೇಂಟೆನೆನ್ಸ್) ಎಂಬ ಯಂತ್ರ ನಿರ್ವಹಣಾ ಪದ್ಧತಿಯು ಯಂತ್ರಗಳ ಆರು ದೊಡ್ಡ ನಷ್ಟಗಳ ಪಟ್ಟಿಯಲ್ಲಿ ಈ ಚಿಕ್ಕ ನಿಲುಗಡೆಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿರುವುದು ಸುಮ್ಮನೆ ಅಲ್ಲ. ಒಂದು ಉದಾಹರಣೆ ನೋಡೋಣ. ರಟ್ಟಿನ ಪೆಟ್ಟಿಗೆಗಳು ಸಾಗುವ ಕನ್ವೇಯರಿನಲ್ಲಿ ಪಾಳಿಗೆ ಮೂವತ್ತು ಸಲ ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ನಲವತ್ತು ಸೆಕೆಂಡು ಹೋಗುತ್ತದೆ ಎಂದುಕೊಂಡರೆ, ಒಂದು ಪಾಳಿಯಲ್ಲಿ ಇಪ್ಪತ್ತು ನಿಮಿಷ ಹೋಯಿತು. ಅದಕ್ಕಿಂತ ದೊಡ್ಡ ಮಾತೆಂದರೆ, ಒಬ್ಬ ಮನುಷ್ಯನ ಬೆರಳುಗಳು ಮೂವತ್ತು ಸಲ ರೋಲರ್ ಹತ್ತಿರ ಹೋಗಿಬಂದವು. ಇಂತಹ ಕಡೆ ಬಗ್ಗಿ ನೋಡಿದರೆ ಕಾರಣ ಅನೇಕ ವೇಳೆ ತೀರಾ ಚಿಕ್ಕದಾಗಿರುತ್ತದೆ. ಪಕ್ಕದ ಗೈಡ್ ಪಟ್ಟಿಯ ಎರಡು ತುಂಡುಗಳು ಕೂಡುವ ಜಾಗದಲ್ಲಿ ಒಂದರ ಅಂಚು ಎರಡು ಮಿಲಿಮೀಟರಿನಷ್ಟು ಒಳಕ್ಕೆ ಚಾಚಿರುತ್ತದೆ, ಪೆಟ್ಟಿಗೆಯ ಮೂಲೆ ಅದಕ್ಕೆ ತಗುಲಿ ಅಡ್ಡ ತಿರುಗುತ್ತದೆ. ಆ ಅಂಚನ್ನು ಉಜ್ಜಿ ಸಮ ಮಾಡುವುದರಿಂದ ಸಿಗುವ ಸುರಕ್ಷತೆ ಯಾವ ಕೈಗವಸಿನಿಂದಲೂ ಸಿಗುವುದಿಲ್ಲ. ಅಪಾಯವನ್ನು ಮೊದಲು ಇಲ್ಲವಾಗಿಸಬೇಕು, ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಿಸಬೇಕು, ಆಮೇಲೆ ಗಾರ್ಡ್, ಆಮೇಲೆ ನಿಯಮ ಮತ್ತು ತರಬೇತಿ, ಕಟ್ಟಕಡೆಗೆ ಮೈಮೇಲೆ ಧರಿಸುವ ರಕ್ಷಣೆ ಎಂಬ ಪ್ರಸಿದ್ಧ ಕ್ರಮದ ಅರ್ಥವೂ ಇದೇ.

ಕೈ ಹಾಕಲೇಬೇಕಾದಾಗ: ಬೀಗ

ಎಷ್ಟು ಸುಧಾರಿಸಿದರೂ ಕೆಲವು ಕೆಲಸಗಳಿಗೆ ಯಂತ್ರದೊಳಗೆ ಕೈ ಹಾಕಲೇಬೇಕಾಗುತ್ತದೆ. ಆಗ ಕೆಂಪು ಎಮರ್ಜೆನ್ಸಿ ಸ್ಟಾಪ್ ಗುಂಡಿ ಒತ್ತಿದ್ದೇನೆ ಎಂಬ ಧೈರ್ಯದ ಮೇಲೆ ಕೆಲಸ ಮಾಡುವುದು ಬಹಳ ಹಳೆಯ ಮತ್ತು ಬಹಳ ಅಪಾಯಕಾರಿಯಾದ ತಪ್ಪು. ಆ ಗುಂಡಿ ಇರುವುದು ಓಡುತ್ತಿರುವ ಯಂತ್ರವನ್ನು ತುರ್ತಾಗಿ ನಿಲ್ಲಿಸಲಿಕ್ಕೆ. ಬೇರೊಬ್ಬರು ಅದನ್ನು ತಿರುಗಿಸಿ ಬಿಡಬಹುದು, ಪ್ಯಾನೆಲ್ಲಿನಲ್ಲಿ ವಿದ್ಯುತ್ ಹಾಗೆಯೇ ಇರಬಹುದು, ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಹಾಗೆಯೇ ಉಳಿದಿರಬಹುದು.

ಸರಿಯಾದ ಕ್ರಮ ಹೀಗಿದೆ. ಮೊದಲು ಆ ಯಂತ್ರಕ್ಕೆ ಶಕ್ತಿ ಎಲ್ಲೆಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡು, ಅಲ್ಲಿ ಕೆಲಸ ಮಾಡುವವರಿಗೆ ಯಂತ್ರ ನಿಲ್ಲಿಸುತ್ತಿರುವುದಾಗಿ ಹೇಳಬೇಕು. ಮಾಮೂಲಿನಂತೆ ಯಂತ್ರವನ್ನು ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಗಾಳಿ, ಹಬೆ, ಹೈಡ್ರಾಲಿಕ್ ಎಣ್ಣೆ ಇವುಗಳ ವಾಲ್ವ್‌ಗಳನ್ನೂ ಮುಚ್ಚಬೇಕು. ಪ್ರತಿಯೊಂದಕ್ಕೂ ಬೀಗ ಹಾಕಿ, ಯಾರು ಹಾಕಿದ್ದಾರೆ, ಏಕೆ ಹಾಕಿದ್ದಾರೆ ಎಂಬ ಟ್ಯಾಗ್ ಕಟ್ಟಬೇಕು. ಕೆಲಸ ಮಾಡುವವರು ಮೂವರಿದ್ದರೆ ಮೂರು ಬೀಗ ಬೀಳಬೇಕು, ಅವರವರ ಕೀಲಿ ಅವರವರ ಜೇಬಿನಲ್ಲಿರಬೇಕು. ಮೇಲ್ವಿಚಾರಕರ ಬೀಗ ಎಲ್ಲರ ಪರವಾಗಿ ಸಾಕು ಎನ್ನುವ ಅಭ್ಯಾಸವನ್ನು ಒಪ್ಪಬಾರದು. ಒಂದೇ ಸ್ವಿಚ್ಚಿಗೆ ಹಲವು ಬೀಗ ಹಾಕಲು ಆರು ತೂತುಗಳ ಹ್ಯಾಸ್ಪ್ ಎಂಬ ಕೊಂಡಿ ಸಿಗುತ್ತದೆ.

ಬೀಗ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಏಕೆಂದರೆ ಒಳಗೆ ಉಳಿದಿರುವ ಶಕ್ತಿ ಬೀಗಕ್ಕೆ ಜಗ್ಗುವುದಿಲ್ಲ. ಮೇಲೆ ನಿಂತಿರುವ ಪ್ರೆಸ್ಸಿನ ರ‍್ಯಾಮ್ (ಕೆಳಗೆ ಬಂದು ಒತ್ತುವ ಭಾರದ ಭಾಗ) ತನ್ನ ತೂಕದಿಂದಲೇ ಕೆಳಗೆ ಬರಬಹುದು, ಆದ್ದರಿಂದ ಅದರ ಕೆಳಗೆ ಸೇಫ್ಟಿ ಬ್ಲಾಕ್ ಇಡಬೇಕು. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವಿನಲ್ಲಿ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು ತಯಾರಕರು ಸೂಚಿಸಿದಷ್ಟು ಹೊತ್ತು ಕಾಯಬೇಕು. ಎಲ್ಲಕ್ಕಿಂತ ಮೋಸದ್ದೆಂದರೆ ಮಾಲು ಸಿಕ್ಕಿಕೊಂಡು ನಿಂತಿರುವ ಗಾಳಿಯ ಸಿಲಿಂಡರ್. ಅದರೊಳಗಿನ ಒತ್ತಡ ಮಾಲನ್ನು ಒತ್ತಿಹಿಡಿದಿರುತ್ತದೆ. ಆಪರೇಟರ್ ಆ ಮಾಲನ್ನು ಎಳೆದು ತೆಗೆದ ಕ್ಷಣವೇ ಸಿಲಿಂಡರ್ ತನ್ನ ಉಳಿದ ದೂರವನ್ನು ಒಂದೇ ಏಟಿಗೆ ಕ್ರಮಿಸಿಬಿಡುತ್ತದೆ. ಗಾಳಿಯನ್ನು ಪೂರ್ತಿ ಹೊರಬಿಟ್ಟು, ಗೇಜಿನ ಮುಳ್ಳು ಸೊನ್ನೆಗೆ ಬಂದಿರುವುದನ್ನು ನೋಡಿದ ಮೇಲೆಯೇ ಮಾಲನ್ನು ಮುಟ್ಟಬೇಕು.

ಕೊನೆಯದಾಗಿ, ಎಲ್ಲರನ್ನೂ ದೂರ ಸರಿಸಿ ಸ್ಟಾರ್ಟ್ ಗುಂಡಿಯನ್ನು ಒತ್ತಿ ನೋಡಬೇಕು. ಯಂತ್ರ ಅಲುಗಾಡದಿದ್ದರೆ ಬೀಗ ಸರಿಯಾದ ಜಾಗದಲ್ಲಿ ಬಿದ್ದಿದೆ ಎಂದರ್ಥ. ವಿದ್ಯುತ್ ಕೆಲಸವಾದರೆ ಟೆಸ್ಟರನ್ನು ಮೊದಲು ವಿದ್ಯುತ್ ಇರುವ ಕಡೆ ಪರೀಕ್ಷಿಸಿ, ನಂತರ ಕೆಲಸದ ಜಾಗದಲ್ಲಿ ನೋಡಿ, ಮತ್ತೆ ವಿದ್ಯುತ್ ಇರುವ ಕಡೆ ಪರೀಕ್ಷಿಸಬೇಕು. ಕೆಟ್ಟುಹೋದ ಟೆಸ್ಟರ್ ಕೂಡ ವಿದ್ಯುತ್ ಇಲ್ಲವೆಂದೇ ತೋರಿಸುತ್ತದೆ.

ಇಷ್ಟೆಲ್ಲ ಮಾಡಿದರೆ ಸಮಯ ಹಾಳು ಎಂಬ ದೂರು ಬಂದೇ ಬರುತ್ತದೆ, ಮತ್ತು ಅದರಲ್ಲಿ ಸತ್ಯಾಂಶವೂ ಇದೆ. ಮೇನ್ ಸ್ವಿಚ್ ನಲವತ್ತು ಮೀಟರ್ ದೂರದ ಪ್ಯಾನೆಲ್ ಕೋಣೆಯಲ್ಲಿದ್ದರೆ, ಬೀಗಗಳು ಸ್ಟೋರಿನಲ್ಲಿದ್ದರೆ, ಎಂಥ ಶಿಸ್ತಿನ ಮನುಷ್ಯನೂ ಒಂದು ದಿನ ಅಡ್ಡದಾರಿ ಹಿಡಿಯುತ್ತಾನೆ. ಪರಿಹಾರವಿರುವುದು ಬೈಯುವುದರಲ್ಲಿ ಅಲ್ಲ, ಬೀಗ ಹಾಕುವ ಸ್ವಿಚ್ಚನ್ನೂ ಗಾಳಿಯ ವಾಲ್ವನ್ನೂ ಯಂತ್ರದ ಕೈಯಳತೆಗೆ ತಂದಿಡುವುದರಲ್ಲಿ. ಜೊತೆಗೆ ಶಕ್ತಿ ಕಡಿಯುವ ಜಾಗಗಳಿಗೆ ಸಂಖ್ಯೆ ಕೊಟ್ಟು, ಅವುಗಳ ಫೋಟೋ ಇರುವ ಒಂದು ಪುಟವನ್ನು ಯಂತ್ರಕ್ಕೇ ಅಂಟಿಸಿದರೆ, ಹತ್ತು ನಿಮಿಷದ ಹುಡುಕಾಟ ಎರಡು ನಿಮಿಷಕ್ಕೆ ಇಳಿಯಬಹುದು. ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಇಂತಹ ಬೀಗದ ನಿಯಮವೂ ಉತ್ಪಾದನೆಯ ಭಾಗವಾಗಿ ಪದೇ ಪದೇ ಮಾಡಬೇಕಾದ ಚಿಕ್ಕ ಹೊಂದಾಣಿಕೆಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಅಷ್ಟೇ ಪರಿಣಾಮಕಾರಿಯಾದ ಬೇರೆ ರಕ್ಷಣೆ ಇರಬೇಕೆಂಬ ಷರತ್ತಿನ ಮೇಲೆ ಮಾತ್ರ.

ಗಾರ್ಡ್ ಮತ್ತು ಅಂತರ

ಪ್ರೆಸ್ಸಿನ ಮುಂದೆ ಬೆಳಕಿನ ಪರದೆ, ಅಂದರೆ ಕೈ ಅಡ್ಡ ಬಂದು ಕಿರಣ ಕಡಿದೊಡನೆ ಯಂತ್ರವನ್ನು ನಿಲ್ಲಿಸುವ ಲೈಟ್ ಕರ್ಟನ್, ಇದ್ದರೆ ಸಾಕು ಎಂದು ತಿಳಿಯುವವರು ಬಹಳ. ಅದು ಎಷ್ಟು ದೂರದಲ್ಲಿದೆ ಎಂಬುದು ಅದು ಇದೆಯೇ ಎಂಬಷ್ಟೇ ಮುಖ್ಯ. ಚಾಚುವ ಕೈಯ ವೇಗವನ್ನು ಈ ಲೆಕ್ಕದಲ್ಲಿ ಕನಿಷ್ಠ ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುವುದು ರೂಢಿ. ಪರದೆ ಕಡಿದ ಕ್ಷಣದಿಂದ ಯಂತ್ರ ಪೂರ್ತಿ ನಿಲ್ಲಲು 0.3 ಸೆಕೆಂಡು ಬೇಕಾದರೆ ಅಷ್ಟರಲ್ಲಿ ಕೈ 48 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ; ಪರದೆ ಅದಕ್ಕಿಂತಲೂ ಸ್ವಲ್ಪ ಹೆಚ್ಚು ದೂರದಲ್ಲಿರಬೇಕು. ಬ್ರೇಕ್ ಸವೆದಂತೆ ನಿಲ್ಲುವ ಸಮಯ ಹೆಚ್ಚುತ್ತದೆಯಾದ್ದರಿಂದ, ಯಂತ್ರ ಹೊಸದಿದ್ದಾಗ ಸರಿಯಾಗಿದ್ದ ಅಂತರ ಕೆಲವು ವರ್ಷಗಳ ನಂತರ ಸಾಲದೇ ಹೋಗಬಹುದು. ನಿಲ್ಲುವ ಸಮಯವನ್ನು ಆಗಾಗ ಅಳೆಸಬೇಕು.

ಬೆಂಚ್ ಗ್ರೈಂಡರ್ ಪ್ರತಿ ವರ್ಕ್‌ಶಾಪಿನಲ್ಲೂ ಇರುತ್ತದೆ, ಮತ್ತು ಯಾರ ಹೊಣೆಯೂ ಅಲ್ಲದ ಯಂತ್ರವೂ ಅದೇ. ಮಾಲನ್ನು ಆನಿಸುವ ರೆಸ್ಟ್ ಹಾಗೂ ಚಕ್ರದ ನಡುವಿನ ಸಂದು 3 ಮಿಲಿಮೀಟರ್ ಮೀರಬಾರದು, ಮೇಲಿನ ನಾಲಗೆ ಗಾರ್ಡ್ ಹಾಗೂ ಚಕ್ರದ ನಡುವಿನ ಸಂದು 6 ಮಿಲಿಮೀಟರ್ ಮೀರಬಾರದು. ಚಕ್ರ ಸವೆದಂತೆ ಎರಡೂ ಸಂದುಗಳು ಅಗಲವಾಗುತ್ತವೆ, ಆಗ ಮಾಲು ಸಂದಿನೊಳಗೆ ಸಿಕ್ಕಿ ಚಕ್ರವೇ ಒಡೆಯಬಹುದು. ಹೊಸ ಚಕ್ರ ಹಾಕುವ ಮುನ್ನ ಅದನ್ನು ತೂಗುಹಾಕಿದಂತೆ ಹಿಡಿದು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಗಂಟೆಯಂತಹ ಸ್ಪಷ್ಟ ನಾದ ಬರಬೇಕು. ಮಂದವಾದ ಸದ್ದು ಬಂದರೆ ಒಳಗೆ ಬಿರುಕಿರುವ ಸಾಧ್ಯತೆ ಇದೆ, ಅಂಥ ಚಕ್ರವನ್ನು ಬಳಸಬಾರದು. ಚಕ್ರದ ಮೇಲೆ ಬರೆದಿರುವ ಗರಿಷ್ಠ ವೇಗ ಗ್ರೈಂಡರಿನ ವೇಗಕ್ಕಿಂತ ಕಡಿಮೆ ಇರಬಾರದು. ಚಾಲೂ ಮಾಡಿದ ಮೊದಲ ಒಂದು ನಿಮಿಷ ಪಕ್ಕಕ್ಕೆ ಸರಿದು ನಿಲ್ಲಬೇಕು. ಕೈಗವಸಿನ ಬಗ್ಗೆ ಇನ್ನೊಂದು ಮಾತು: ಡ್ರಿಲ್ಲಿಂಗ್ ಯಂತ್ರ ಮತ್ತು ಲೇತಿನ ಮುಂದೆ ಕೈಗವಸು ರಕ್ಷಣೆಯಲ್ಲ, ತಿರುಗುವ ಭಾಗ ಅದನ್ನು ಹಿಡಿದು ಕೈಯನ್ನೇ ಸುತ್ತಿಕೊಳ್ಳುತ್ತದೆ.

ಡೈ ಬದಲಿಸುವ ಹೊತ್ತು

ಸೆಟ್ಟಿಂಗ್ ಬದಲಿಸುವಾಗ ಅವಸರ, ಭಾರ, ತೆರೆದ ಗಾರ್ಡ್ ಮೂರೂ ಒಟ್ಟಿಗೆ ಸೇರುತ್ತವೆ. ಜಪಾನಿನ ಕೈಗಾರಿಕಾ ಎಂಜಿನಿಯರ್ ಶಿಗೆಯೊ ಶಿಂಗೊ ಅವರು 1969ರಲ್ಲಿ ಟೊಯೊಟಾ ಕಾರ್ಖಾನೆಯ 1000 ಟನ್ ಪ್ರೆಸ್ಸಿನ ಡೈ ಬದಲಾವಣೆಯ ಅವಧಿಯನ್ನು ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಅಲ್ಲಿಂದ ಮೂರು ನಿಮಿಷಕ್ಕೆ ಇಳಿಸಿದರು. ಅವರ ವಿಧಾನದ ತಿರುಳು ಸರಳವಾಗಿದೆ: ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಕೊಳ್ಳಬಹುದಾದ ಕೆಲಸ ಯಾವುದು ಎಂದು ಬೇರ್ಪಡಿಸಿ, ಮೊದಲಿನದನ್ನು ಆದಷ್ಟೂ ಎರಡನೆಯದಕ್ಕೆ ಸಾಗಿಸುವುದು. ಮುಂದಿನ ಡೈ, ಬೋಲ್ಟು, ಸ್ಪ್ಯಾನರ್ ಎಲ್ಲವೂ ಯಂತ್ರ ನಿಲ್ಲುವ ಮೊದಲೇ ಟ್ರಾಲಿಯಲ್ಲಿ ಸಿದ್ಧವಾಗಿರಬೇಕು. ಇದರ ಸುರಕ್ಷತಾ ಲಾಭವನ್ನು ಹೇಳುವವರು ಕಡಿಮೆ. ಸ್ಪ್ಯಾನರ್ ಹುಡುಕಲು ಓಡುವವರಿಲ್ಲದಿದ್ದರೆ ಎಡವುವವರೂ ಇರುವುದಿಲ್ಲ. ಡೈ ತಾನಾಗಿ ಕೂರುವಂತೆ ಪಿನ್ನುಗಳನ್ನು ಕೊಟ್ಟರೆ, ಕ್ರೇನಿನಿಂದ ಇಳಿಯುತ್ತಿರುವ ಡೈಯ ಕೆಳಗೆ ಬೆರಳಿಟ್ಟು ಅತ್ತಿತ್ತ ಸರಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ ಸಮಯ ಉಳಿಸುವ ಹುರುಪಿನಲ್ಲಿ ಬೀಗ ಹಾಕುವ ಹೆಜ್ಜೆಯನ್ನೇ ಪಟ್ಟಿಯಿಂದ ಕೈಬಿಡಬಾರದು. ಗಡಿಯಾರದ ಲೆಕ್ಕ ಬೀಗದ ಸಮಯವನ್ನೂ ಸೇರಿಸಿಯೇ ಇರಬೇಕು.

ಭಾರ ಮತ್ತು ಸದ್ದಿನ ಬಗ್ಗೆ ಎರಡು ಅಂಕಿಗಳನ್ನು ನೆನಪಿಟ್ಟರೆ ಸಾಕು. ಮೈಗೆ ಹತ್ತಿರವಾಗಿ, ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ, ಮೈ ತಿರುಚದೆ ಎತ್ತುವ ಅತ್ಯುತ್ತಮ ಸ್ಥಿತಿಯಲ್ಲಿಯೂ ಬಹಳವಾಗಿ ಬಳಕೆಯಲ್ಲಿರುವ ಲೆಕ್ಕ ಸೂಚಿಸುವ ಮಿತಿ 23 ಕಿಲೋ. ನೆಲದಿಂದ ಬಗ್ಗಿ ಎತ್ತುವುದಾದರೆ ಮಿತಿ ಇನ್ನೂ ಕಡಿಮೆ. ಸದ್ದು 85 ಡೆಸಿಬೆಲ್ ಇದ್ದರೆ ಎಂಟು ಗಂಟೆ ಎಂಬುದು ಶಿಫಾರಸು ಮಾಡಿರುವ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ.

ಜನ ನಿಜ ಹೇಳುವಂತೆ ಮಾಡುವುದು

"ಅಪಘಾತವಿಲ್ಲದ 200 ದಿನಗಳು" ಎಂಬ ಫಲಕ ಹಾಕಿ, ದಿನ ತುಂಬಿದರೆ ಎಲ್ಲರಿಗೂ ಬಹುಮಾನ ಎಂದು ಘೋಷಿಸುವ ಪದ್ಧತಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ನೂರ ತೊಂಬತ್ತೊಂಬತ್ತನೇ ದಿನ ಬೆರಳು ಕೊಯ್ದುಕೊಂಡವನು ಅದನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅದರ ಬದಲು ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ಯಾರು ಬೇಕಾದರೂ ಎರಡು ಸಾಲಿನಲ್ಲಿ ಬರೆದು ಹಾಕುವಂತೆ ಮಾಡಿ, ಒಂದು ವಾರದೊಳಗೆ ಏನು ಸರಿಪಡಿಸಲಾಯಿತು ಎಂದು ಅದೇ ಹಲಗೆಯ ಮೇಲೆ ಉತ್ತರ ಬರೆಯಬೇಕು. ಉತ್ತರ ಬರದಿದ್ದರೆ ಮೂರನೇ ಚೀಟಿಯಿಂದಾಚೆಗೆ ಯಾರೂ ಬರೆಯುವುದಿಲ್ಲ. ಇಂಟರ್‌ಲಾಕನ್ನು, ಅಂದರೆ ಗಾರ್ಡಿನ ಬಾಗಿಲು ತೆರೆದಾಗ ಯಂತ್ರ ಓಡದಂತೆ ತಡೆಯುವ ಸ್ವಿಚ್ಚನ್ನು, ಯಾರೋ ತಪ್ಪಿಸಿರುವುದು ಕಂಡರೆ, ಯಾರು ಎಂದು ಕೇಳುವ ಮೊದಲು ಏಕೆ ಎಂದು ಕೇಳುವುದು ಲಾಭದಾಯಕ. ಎಣ್ಣೆ ಮೆತ್ತಿ ಮಸುಕಾದ ಕಿಟಕಿಯಿಂದ ಒಳಗಿನ ಮಾಲು ಕಾಣಿಸುವುದಿಲ್ಲ ಎಂಬಷ್ಟೇ ಕಾರಣಕ್ಕೆ ಬಾಗಿಲು ತೆರೆದಿಟ್ಟು ಕೆಲಸ ಮಾಡುವವರಿದ್ದಾರೆ.

ಸುಧಾರಣೆ ಮುಗಿದ ನಂತರ ಅದೇ ಯಂತ್ರದಲ್ಲಿ ಇನ್ನೂ ಎರಡು ವಾರ ನಿಲುಗಡೆ ಪುಸ್ತಕವನ್ನು ಮುಂದುವರಿಸಿ, ಹಳೆಯ ಪುಟಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ನಿಲುಗಡೆಗಳೂ, ಗಾರ್ಡ್ ತೆರೆದ ಲೆಕ್ಕವೂ ಎರಡೂ ಇಳಿದಿದ್ದರೆ ಮುಂದಿನ ಯಂತ್ರಕ್ಕೆ ಹೋಗಬಹುದು. ನಿಲುಗಡೆಗಳು ಹಾಗೆಯೇ ಉಳಿದು ನಾಲ್ಕನೇ ಕಾಲಂ ಮಾತ್ರ ಖಾಲಿಯಾಗಿದ್ದರೆ, ಗಾರ್ಡಿನ ಬಾಗಿಲ ಬಳಿ ಹೋಗಿ ಇಂಟರ್‌ಲಾಕ್ ಸ್ವಿಚ್ಚಿಗೆ ಯಾರಾದರೂ ಟೇಪ್ ಸುತ್ತಿದ್ದಾರೆಯೇ ಎಂದು ನೋಡಬೇಕು.