ಕಬ್ಬಿನ ಟ್ರ್ಯಾಕ್ಟರ್ ಊರೊಳಗಿನ ರಸ್ತೆ ಎಷ್ಟು ತಿನ್ನುತ್ತದೆ? ನೀವೇ ಎಣಿಸಿ

ಮುಧೋಳ, ಜಮಖಂಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಶಾಲೆ ಮಕ್ಕಳ ಆಟೋ ಬೆನ್ನಿಗೇ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. ಸುಮ್ನೆ "ಟ್ರಾಫಿಕ್ ಜಾಸ್ತಿಯಾಗಿದೆ" ಅಂತ ಅರ್ಜಿ ಬರೆದರೆ ಅದು ಫೈಲಿನಲ್ಲೇ ಉಳಿಯುತ್ತದೆ. ಲೆಕ್ಕ ಇಟ್ಟು ಕೊಡಿ.

ಎಣಿಸೋಕೆ ಇಬ್ಬರು ಸಾಕು. ಫ್ಯಾಕ್ಟರಿ ಗೇಟಿನ ಮುಂದೆ ಬೇಡ, ಊರೊಳಗೆ ರಸ್ತೆ ಇಕ್ಕಟ್ಟಾಗುವ ತಿರುವಿನಲ್ಲಿ ನಿಲ್ಲಿ. ಶಾಲೆ ಶುರುವಾಗುವ ಹೊತ್ತು, ಬಿಡುವ ಹೊತ್ತು, ರಾತ್ರಿ ಒಂದು ತಾಸು, ಹೀಗೆ ಮೂರು ದಿನ, ಅದರಲ್ಲೊಂದು ಸಂತೆಯ ದಿನ ಇರಲಿ. ಬೈಕು, ಕಾರು, ಲಾರಿ, ಕಬ್ಬಿನ ಟ್ರ್ಯಾಕ್ಟರ್ ಎಲ್ಲಕ್ಕೂ ಬೇರೆ ಬೇರೆ ಗೀಟು ಹಾಕಿ, 15 ನಿಮಿಷಕ್ಕೊಮ್ಮೆ ಹೊಸ ಸಾಲು ಶುರುಮಾಡಿ.

ಎಣಿಸಿದ್ದನ್ನು ಹಾಗೇ ಕೂಡಿಸಬೇಡಿ. ಒಂದೊಂದು ಗಾಡಿ ಎಷ್ಟು ಕಾರಿಗೆ ಸಮ ಅಂತ ನೋಡಬೇಕು. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗೆ ಕೊಟ್ಟ ಲೆಕ್ಕದಲ್ಲಿ ಕಾರು 1 ಆದರೆ ಬೈಕು 0.5ರಿಂದ 0.75, ಲಾರಿ 2.2ರಿಂದ 3.7, ಟ್ರೇಲರ್ ಇರುವ ಟ್ರ್ಯಾಕ್ಟರ್ 4ರಿಂದ 5. ಒಟ್ಟು ಗಾಡಿಗಳಲ್ಲಿ ಯಾವ ಬಗೆಯದ್ದು ನೂರಕ್ಕೆ 10 ಅಥವಾ ಹೆಚ್ಚಿದೆಯೋ ಅದಕ್ಕೆ ದೊಡ್ಡ ಅಂಕಿ ಹಿಡಿಯಿರಿ. ಆಗ 12 ಟ್ರ್ಯಾಕ್ಟರ್ ಹೋದರೆ 60 ಕಾರು ಹೋದ ಹಾಗೆ!

ತಿರುವು ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊಬೈಲಿನಲ್ಲಿ ಅಳೆಯಿರಿ. ಹಿಂದಿನ ಟ್ರೇಲರ್ ಒಳಮೂಲೆಗೆ ಒತ್ತಿಕೊಂಡೇ ಬರುತ್ತದೆ, ಅದಕ್ಕೇ ಡ್ರೈವರ್ ಮೊದಲು ಎದುರು ಬದಿಗೆ ಹೋಗಿ ಹೊರಳಿಸುತ್ತಾನೆ, ಅಷ್ಟು ಹೊತ್ತು ಎರಡೂ ಕಡೆ ರಸ್ತೆ ಬಂದ್. ಆ ನಿಧಾನ ನೋಡಿಯೇ ಹುಡುಗರು ಕಬ್ಬು ಜಗ್ಗೋಕೆ ಓಡುತ್ತಾರೆ. ಒಬ್ಬನ ಚಪ್ಪಲಿ ಗಾಲಿಯಡಿ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಕಾಲು ಸ್ವಲ್ಪದರಲ್ಲಿ ಉಳಿಯಿತು. ಇಂಥದ್ದನ್ನೂ ವೇಳೆ ಸಮೇತ ಬರೆದುಕೊಳ್ಳಿ.

ಅರ್ಜಿ ಜಿಲ್ಲಾಧಿಕಾರಿಗೆ, ಒಂದು ಪ್ರತಿ ಎಸ್‌ಪಿ ಕಚೇರಿಗೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಅಡಿ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಒಂದು ರಸ್ತೆಗೆ ಇಂಥ ಗಾಡಿ ಬರದಂತೆ ನಿರ್ಬಂಧ ಹಾಕಬಹುದು. ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಪ್ರಕಟಣೆಯೂ ಬೇಕಿಲ್ಲ, ಊರಿನವರಿಗೆ ತಿಳಿಸಿದರೆ ಸಾಕು.

ಇಡೀ ದಿನ ತಡೆಯಿರಿ ಅಂತ ಮಾತ್ರ ಕೇಳಬೇಡಿ. ಕಡಿದ ಕಬ್ಬು ನಿಂತಲ್ಲೇ ಒಣಗಿ ತೂಕ ಇಳಿಯುತ್ತದೆ, ಹೊಡೆತ ರೈತನಿಗೇ ಅಲ್ವಾ? ಶಾಲೆಯ ಎರಡು ಹೊತ್ತು ಊರ ಹೊರಗೆ ನಿಲ್ಲಿಸಿ, ಪಾಳಿ ಹಚ್ಚೋಕೆ ಫ್ಯಾಕ್ಟರಿ ಒಳಗೇ ಜಾಗ ಕೊಡಿ, ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಅಂಟಿಸಿ ಅಂತ ಕೇಳಿ. ಕೊಡುವ ಮೊದಲು ಇಬ್ಬರು ಮೂವರು ಡ್ರೈವರ್‌ಗಳನ್ನು ಮಾತಾಡಿಸಿ, ಪಾಳಿಯಲ್ಲಿ ಎಷ್ಟು ತಾಸು ನಿಂತಿದ್ದರು ಅನ್ನೋದನ್ನೂ ಅರ್ಜಿಗೆ ಸೇರಿಸಿ.