ಮುಖ ಆಮೇಲೆ ನೋಡಿ, ಮೊದಲು ಪಕ್ಕದ ಚೀಟಿ ಓದಿ

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಶುರುವಾಗಿದ್ದು 1856ರಲ್ಲಿ. ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಚಿತ್ರದಲ್ಲಿ ಇರುವವರು ಯಾರು ಅನ್ನುವುದೇ ಅಲ್ಲಿ ಮುಖ್ಯ. ಹಾಗಾಗಿ ಹೋದವರೆಲ್ಲ ಹೆಸರು ಓದುತ್ತಾರೆ, "ಓ, ಇವರಾ" ಅನ್ನುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಫೋಟೋಗಳನ್ನು ಹೀಗೆ ನೋಡಿದರೆ ಅರ್ಧ ಮಜಾ ತಪ್ಪಿಹೋಗುತ್ತದೆ. ಯಾರು ತೆಗೆದದ್ದು, ಯಾರು ತೆಗೆಸಿದ್ದು, ಯಾತಕ್ಕೆ? ಇದನ್ನು ತಿಳಿದುಕೊಂಡು ಆಮೇಲೆ ಮುಖ ನೋಡಿ.

ಗ್ಯಾಲರಿಗೆ ಹೋಗಲೇಬೇಕು ಅಂತೇನಿಲ್ಲ. ಹೋದರೆ ಒಳ್ಳೆಯದೇ, ಅಲ್ಲಿನ ಕಾಯಂ ಸಂಗ್ರಹ ನೋಡಲು ದುಡ್ಡು ಕೊಡಬೇಕಾಗಿಲ್ಲ. ಆದರೆ ಹಳೆಯ ಫೋಟೋ ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ. ಅದಕ್ಕೇ ಮಂದ ಬೆಳಕಿನಲ್ಲಿ ಸ್ವಲ್ಪ ಕಾಲ ತೂಗುಹಾಕಿ, ತೆಗೆದು ಒಳಗಿಡುತ್ತಾರೆ. ಸಂಗ್ರಹದಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಫೋಟೋ ಇವೆ, ಗೋಡೆಯ ಮೇಲೆ ಕಾಣುವುದು ಒಂದು ಚೂರು. ವೆಬ್‌ಸೈಟಿನಲ್ಲಿ ಹುಡುಕುವುದೇ ವಾಸಿ.

ಹುಡುಕುವಾಗ ಎಲ್ಲರೂ ಫೋಟೋದಲ್ಲಿ ಇರುವವರ ಹೆಸರು ಹಾಕುತ್ತಾರೆ. ನೀವು ಫೋಟೋ ತೆಗೆದವರ ಹೆಸರೂ ಹಾಕಿ ನೋಡಿ. ಉದಾಹರಣೆಗೆ ಕಮೀಲ್ ಸಿಲ್ವಿ. 1859ರಿಂದ ಲಂಡನ್ನಿನಲ್ಲಿ ಸ್ಟುಡಿಯೋ ನಡೆಸಿದವರು, ಅವರ ಸ್ಟುಡಿಯೋದ ದಿನಚರಿ ಆಲ್ಬಮ್‌ಗಳೇ ಗ್ಯಾಲರಿಯಲ್ಲಿವೆ. ಒಂದೇ ಬಗೆಯ ಪರದೆ ಮುಂದೆ, ಒಂದೇ ಬಗೆಯ ಕಂಬಕ್ಕೆ ಒರಗಿ ರಾಜಮನೆತನದವರು, ನಟಿಯರು, ಪಾದ್ರಿಗಳು ಎಲ್ಲರೂ ನಿಂತಿರುತ್ತಾರೆ. ಆಗ ಗೊತ್ತಾಗುತ್ತದೆ, ಆ ಗತ್ತಿನ ಅರ್ಧ ಪಾಲು ಸ್ಟುಡಿಯೋದವರದು.

ಇನ್ನು ಸಂಖ್ಯೆ. ಪ್ರತಿ ಫೋಟೋಗೂ ಒಂದು ನಂಬರು ಇರುತ್ತದೆ. ಅದರಲ್ಲಿ 'ಪಿ' ಅಂತಿದ್ದರೆ ಮುಖ್ಯ ಸಂಗ್ರಹದ ಫೋಟೋ. 'ಎಕ್ಸ್' ಅಂತಿದ್ದರೆ ಉಲ್ಲೇಖಕ್ಕೆಂದು ಇಟ್ಟುಕೊಂಡ ದೊಡ್ಡ ರಾಶಿಯದು. ನನ್ನ ಮಾತು ಕೇಳಿದರೆ ಎಕ್ಸ್ ರಾಶಿಯಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ಒಬ್ಬರದೇ ನಾಲ್ಕೈದು ಭಂಗಿ ಸಿಕ್ಕಿದರೆ, ಹೆಸರಾದ ಆ ಒಂದು ಫೋಟೋ ಅವುಗಳಲ್ಲಿ ಆರಿಸಿದ್ದು ಅಂತ ಕಣ್ಣಿಗೇ ಕಾಣುತ್ತದೆ.

ಈಗ ಒಂದು ಫೋಟೋ ಹಿಡಿದು ನೋಡೋಣ. ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್, ತೆಗೆದವರು ರಾಬರ್ಟ್ ಹೌಲೆಟ್, 1857. ಉದ್ದನೆಯ ಟೋಪಿ, ಬಾಯಲ್ಲಿ ಚುಟ್ಟ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ, ಬೆನ್ನ ಹಿಂದೆ ದೈತ್ಯ ಕಬ್ಬಿಣದ ಸರಪಳಿ. ಮೊದಲ ನೋಟಕ್ಕೆ ಎಂಥ ಠೀವಿ ಅನ್ನಿಸುತ್ತದೆ. ಕೆಳಗೆ ನೋಡಿ. ಬೂಟು, ಪ್ಯಾಂಟು ಎರಡಕ್ಕೂ ಕೆಸರು ಮೆತ್ತಿದೆ, ಬಟ್ಟೆಯೆಲ್ಲ ಮುದುಡಿದೆ. ಇನ್ನು ಚೀಟಿಯಲ್ಲಿನ ವರ್ಷಕ್ಕೆ ಬನ್ನಿ. ಆ ನವೆಂಬರಿನಲ್ಲೇ ಅವರು ಕಟ್ಟಿಸಿದ 'ಗ್ರೇಟ್ ಈಸ್ಟರ್ನ್' ಹಡಗನ್ನು, ಅಂದಿನ ಜಗತ್ತಿನ ಅತಿ ದೊಡ್ಡ ಹಡಗನ್ನು, ಥೇಮ್ಸ್ ನದಿಗೆ ಇಳಿಸಲು ಹೋಗಿ ಅದು ಜಗ್ಗದೆ ಕೂತಿತ್ತು. ನೀರಿಗೆ ಇಳಿದದ್ದು 1858ರ ಜನವರಿ 31ಕ್ಕೆ. ಹಿಂದಿನ ಸರಪಳಿ ಅದೇ ಹಡಗಿನ ಕೆಲಸದ್ದು, ಫೋಟೋ ತೆಗೆಸಿದ್ದು ಒಂದು ಪತ್ರಿಕೆ. ಇಷ್ಟು ಗೊತ್ತಾದ ಮೇಲೆ ಮುಖ ನೋಡಿ, ಠೀವಿ ಜೊತೆಗೆ ನಿದ್ದೆಗೆಟ್ಟ ಮನುಷ್ಯನೂ ಕಾಣುತ್ತಾನೆ.

ಫೋಟೋ ಮಸುಕಾಗಿದ್ದರೆ ಕೆಟ್ಟ ಫೋಟೋ ಅಂತ ದಾಟಿ ಹೋಗಬೇಡಿ. ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 1867ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಅವರ ಫೋಟೋ ತೆಗೆದರು. ಗಾಜಿನ ಮೇಲೆ ಹಸಿ ರಾಸಾಯನಿಕ ಬಳಿದು, ನಿಮಿಷಗಟ್ಟಲೆ ಅಲುಗಾಡದೆ ಕೂರಿಸುತ್ತಿದ್ದ ಕಾಲ ಅದು. ಹರ್ಷೆಲ್ ಅವರ ಕೂದಲು ತೊಳೆಸಿ ಕೆದರಿಸಿದರು ಅನ್ನುತ್ತಾರೆ, ಆ ಬಿಳಿ ಕೂದಲೇ ಕತ್ತಲಲ್ಲಿ ಹೊಳೆಯುತ್ತದೆ. ಅಂದಹಾಗೆ ಫೋಟೋ ಮಾಸದಂತೆ ನಿಲ್ಲಿಸುವ ಹೈಪೋ ಅನ್ನುವ ರಾಸಾಯನಿಕದ ಗುಣವನ್ನು ಕಂಡುಹಿಡಿದದ್ದೂ ಇದೇ ಹರ್ಷೆಲ್. ಅಂಥವರನ್ನೇ ಕೂರಿಸಿ ಬೇಕಂತಲೇ ಮಸುಕು ಮಾಡಿದ್ದಾರೆ ಅಂದರೆ ಧೈರ್ಯ ಮೆಚ್ಚಬೇಕು ಅಲ್ವಾ?

ಎಲ್ಲರೂ ಒಪ್ಪಿ ಕೂತವರೂ ಅಲ್ಲ. 1914ರಲ್ಲಿ ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರ ಫೋಟೋಗಳನ್ನು ಪೊಲೀಸರು ಮಾಡಿಸಿಟ್ಟುಕೊಂಡರು. ಕೆಲವನ್ನು ಜೈಲಿನ ಅಂಗಳದಲ್ಲಿ ಅವರಿಗೇ ತಿಳಿಯದಂತೆ ತೆಗೆದದ್ದು. ಈವ್ಲಿನ್ ಮೆನೆಸ್ಟಾ ಅವರ ಫೋಟೋ ಹುಡುಕಿ. ಅವರು ಕ್ಯಾಮರಾಕ್ಕೆ ಮುಖ ಕೊಡಲಿಲ್ಲ, ಅದಕ್ಕೆ ಹಿಂದಿನಿಂದ ಒಬ್ಬ ಕುತ್ತಿಗೆಗೆ ತೋಳು ಹಾಕಿ ಹಿಡಿದಿದ್ದ. ಗ್ಯಾಲರಿ, ಮ್ಯೂಸಿಯಂಗಳ ಕಾವಲಿನವರು ಗುರುತು ಹಿಡಿಯಲಿ ಅಂತ ಹಂಚಿದ ಪ್ರತಿಯಲ್ಲಿ ಆ ತೋಳು ಇಲ್ಲ, ಅದರ ಜಾಗಕ್ಕೆ ಶಾಲು ತಿದ್ದಿದ್ದಾರೆ. ಕುತ್ತಿಗೆಯ ಸುತ್ತ ನಿಧಾನವಾಗಿ ನೋಡಿ. ಇಷ್ಟೆಲ್ಲ ಮಾಡಿದರೂ ಅದೇ ವರ್ಷ ಜುಲೈನಲ್ಲಿ ಇದೇ ಗ್ಯಾಲರಿಯೊಳಗೆ ಒಬ್ಬ ಹೋರಾಟಗಾರ್ತಿ ಲೇಖಕ ಥಾಮಸ್ ಕಾರ್ಲೈಲ್ ಅವರನ್ನು ಬರೆದ ಪೇಂಟಿಂಗನ್ನು ಕೊಯ್ದರು!

ಹಳೇ ಕಾಲದವರೇ ಯಾಕೆ ಇಷ್ಟೊಂದು ಅಂತ ಕೇಳಬಹುದು. ರಾಜ ರಾಣಿಯನ್ನು ಬಿಟ್ಟರೆ ಬದುಕಿರುವವರ ಚಿತ್ರ ಸೇರಿಸಬಾರದು ಅನ್ನುವ ನಿಯಮ 1969ರವರೆಗೂ ಇತ್ತು. ಹೊಸಬರು ಬೇಕಿದ್ದರೆ ಆಮೇಲೆ ಸೇರಿದ್ದನ್ನು ನೋಡಿ.

ಫೋಟೋ ಬಳಸಿಕೊಳ್ಳಬೇಕು ಅನ್ನಿಸಿದರೆ ಸುಮ್ನೆ ಸ್ಕ್ರೀನ್‌ಶಾಟ್ ಹೊಡೆಯಬೇಡಿ. ಪ್ರತಿ ಫೋಟೋ ಪುಟದಲ್ಲಿ ಬಳಕೆಯ ಕೊಂಡಿ ಇರುತ್ತದೆ, ಒತ್ತಿ ನೋಡಿ. ವ್ಯಾಪಾರಕ್ಕಲ್ಲದ ಬಳಕೆಗೆ ಎಷ್ಟೋ ಫೋಟೋಗಳ ಸಣ್ಣ ಪ್ರತಿ ಪುಕ್ಕಟೆ ಸಿಗುತ್ತದೆ, ಪುಸ್ತಕದ ಮುಖಪುಟಕ್ಕೆ ಹಾಕುವುದಾದರೆ ಅನುಮತಿ ಬೇಕು. ತೆಗೆದವರ ಹೆಸರು, ವರ್ಷ, ಗ್ಯಾಲರಿಯ ನಂಬರು ಮೂರನ್ನೂ ಫೋಟೋ ಕೆಳಗೇ ಬರೆದುಬಿಡಿ.