ಮಡಚು ಚಾಕು ಕೊಳ್ಳುವಾಗ ಮೊದಲು ಕೀಲು ನೋಡಿ

ಕೈಯಿಂದ ಮಾಡಿದ ಮಡಚು ಚಾಕು ಕೂಡಿಡಲು ಹೊರಟವರು ಹೆಚ್ಚಾಗಿ ಮೋಸಹೋಗುವುದು ಡಮಾಸ್ಕಸ್ ಉಕ್ಕಿನ (ಬೇರೆ ಬೇರೆ ಉಕ್ಕಿನ ಪದರ ಬೆಸೆದು ಬಡಿದದ್ದು) ಅಲೆಗಳನ್ನು ಕಂಡು. ದುಡ್ಡು ಕೊಡಬೇಕಾದದ್ದು ಅಲಗು ತಿರುಗುವ ಕೀಲಿಗೆ. ನಮ್ಮ ಕಂಬಾರಸಾಲೆಯ ಕುಡಗೋಲಿನಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆದರೂ ನಡೆದೀತು. ಮಡಚು ಚಾಕುವಿನ ಕೀಲಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅಲಗು ಅಲ್ಲಾಡುತ್ತದೆ.

ಅಲಗನ್ನು ಪೂರ್ತಿ ಹೊರಗೆ ಬಿಚ್ಚಿ, ಹಿಡಿಕೆಯನ್ನು ಒಂದು ಕೈಯಲ್ಲಿ ಬಿಗಿಹಿಡಿಯಿರಿ. ಇನ್ನೊಂದು ಕೈಯ ಎರಡು ಬೆರಳಲ್ಲಿ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೆ ಬಲಕ್ಕೆ, ಆಮೇಲೆ ಮೇಲೆ ಕೆಳಗೆ ಅಲ್ಲಾಡಿಸಿ. ಎಡ-ಬಲದ ಅಲುಗಾಟಕ್ಕೆ ಸಾಮಾನ್ಯವಾಗಿ ಕೀಲಿನ ಸ್ಕ್ರೂ ಸಡಿಲಾಗಿರುವುದೇ ಕಾರಣ, ಬಿಗಿಮಾಡಿದರೆ ಸರಿಹೋಗುತ್ತದೆ. ಮೇಲೆ-ಕೆಳಗೆ ಅಲುಗಿದರೆ, ಬಿಚ್ಚಿದ ಅಲಗು ಮಡಚದಂತೆ ತಡೆಯುವ ಲಾಕ್ ಮತ್ತು ಅಲಗಿನ ಬುಡ ಕೂಡುವ ಕೋನವೇ ತಪ್ಪಿದೆ. ಸ್ಕ್ರೂ ತಿರುಗಿಸಿದರೆ ಅದು ಹೋಗದು, ಬಿಟ್ಟುಬಿಡಿ.

ಅಮೆರಿಕದ ಮೈಕೆಲ್ ವಾಕರ್ 1980ರ ದಶಕದಲ್ಲಿ ಈಗಿನ ರೂಪಕ್ಕೆ ತಂದ ಲೈನರ್ ಲಾಕ್ (ಹಿಡಿಕೆಯೊಳಗಿನ ಲೋಹದ ತಗಡು ಅಂದರೆ ಲೈನರಿನ ಪಟ್ಟಿಯೇ ಬಾಗಿ ಅಲಗನ್ನು ತಡೆಯುವ ಲಾಕ್) ಇದ್ದರೆ, ಲಾಕಿನ ಪಟ್ಟಿ ಅಲಗಿನ ಬುಡದ ಎಷ್ಟು ಭಾಗ ಹಿಡಿದಿದೆ ನೋಡಿ. ಹೊಸ ಚಾಕುವಿನಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಹಿಡಿದಿರಬೇಕು. ತುದಿಯಲ್ಲಷ್ಟೇ ತಾಗಿದ್ದರೆ ಜಾರಿ ಬೆರಳು ಕೊಯ್ದೀತು. ಆಚೆ ಬದಿಯವರೆಗೂ ಹೋಗಿದ್ದರೆ ಸವೆಯಲು ಇನ್ನು ಜಾಗವೇ ಉಳಿದಿಲ್ಲ. ಮಡಚಿದಾಗ ಅಲಗು ಎರಡು ಲೈನರ್‌ಗಳ ನಟ್ಟನಡುವೆ ಕೂರಬೇಕು, ಅಂಚು ಒಳಗೆ ಎಲ್ಲೂ ತಾಗಬಾರದು. ಲಾಕ್ ಇಲ್ಲದ ಸ್ಲಿಪ್ ಜಾಯಿಂಟ್ ಆದರೆ ಬಿಚ್ಚಿದಾಗಲೂ ಮಡಚಿದಾಗಲೂ ಬೆನ್ನಿನ ಸ್ಪ್ರಿಂಗು ಹಿಡಿಕೆಯ ಮಟ್ಟಕ್ಕೇ ಬರಬೇಕು. ಬೆರಳು ಸವರಿದರೆ ತಿಳಿಯುತ್ತದೆ.

ನಿಜವಾದ ಡಮಾಸ್ಕಸ್‌ನ ಗೆರೆ ಅಲಗಿನ ಬೆನ್ನಿನ ಮೇಲೂ ಮುಂದುವರಿದಿರುತ್ತದೆ. ಬರೀ ಪಕ್ಕಕ್ಕಷ್ಟೇ ಇದ್ದರೆ ಅದು ಆಸಿಡ್ ಅಥವಾ ಲೇಸರಿನಿಂದ ಬಿಡಿಸಿದ ಚಿತ್ತಾರ. ಮಾಡಿದವರಿಂದ ಉಕ್ಕಿನ ಹೆಸರು ಮತ್ತು ರಾಕ್‌ವೆಲ್ ಗಡಸುತನ (ಉಕ್ಕು ಎಷ್ಟು ಗಡಸು ಎಂದು ಹೇಳುವ ಅಂಕಿ) ಬರೆಸಿಕೊಳ್ಳಿ. 1095, 52100 ಎಂಬ ಹೆಸರಿನಂಥ ಉಕ್ಕಿಗೆ 58ರಿಂದ 61 ಒಳ್ಳೆಯ ಹದ.

ಹಿಡಿಕೆಗೆ ಬೀಟೆ, ಎಮ್ಮೆ ಕೊಂಬು, ಮೈಕಾರ್ಟಾ (ಬಟ್ಟೆ ಅಥವಾ ಕಾಗದವನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ) ಯಾವುದಾದರೂ ಸರಿ. ಗದಗಿನ ಬೇಸಿಗೆಯ ಒಣಗಾಳಿಗೆ ಕಟ್ಟಿಗೆ ಕುಗ್ಗುತ್ತದೆ. ಅದಕ್ಕೇ ರಿವೆಟ್ ಸುತ್ತ ಸಣ್ಣ ಬಿರುಕು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಜಿಂಕೆ, ಕಡವೆಯ ಕೊಂಬು, ಆನೆದಂತ ಬೇಡವೇ ಬೇಡ. "ತಾನಾಗಿ ಉದುರಿದ ಕೊಂಬು" ಎಂದು ಹೇಳಿದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

ಸಂಗ್ರಹ ಹಾಳಾಗುವುದು ಧಾರವಾಡದ ಜಿಟಿಜಿಟಿ ಮಳೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಕುವನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ಹದಮಾಡುವಾಗ ಉಳಿದ ಉಪ್ಪು, ಆಮ್ಲಕ್ಕೆ ತೇವ ಸೇರಿದರೆ ಅಲಗಿಗೆ ಜಂಗು, ಹಿತ್ತಾಳೆಗೆ ಹಸಿರು ಕಿಲುಬು. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಹದಿನೈದು ದಿನಕ್ಕೊಮ್ಮೆ ತೆಗೆದು ಬೆರಳ ಗುರುತು ಒರೆಸಿ. ಬೆವರಿನ ಉಪ್ಪೇ ಜಂಗಿನ ಬೀಜ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಸಾಕು. ಅಡುಗೆಮನೆಯ ಕುಸುಬಿ ಎಣ್ಣೆ ಬಿಟ್ಟರೆ ಗಾಳಿಗೆ ಒಣಗಿ ವಾರ್ನಿಷ್‌ನಂತೆ ಅಂಟಾಗುತ್ತದೆ, ಅಲಗು ತಿರುಗದು. ಶೇಂಗಾ ಎಣ್ಣೆಯೂ ನಿಧಾನಕ್ಕೆ ಜಿಗುಟಾಗುತ್ತದೆ. ಹಳೆಯ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿಕೆಯ ಚಾಕು ಇದ್ದರೆ ಬೇರೆ ಡಬ್ಬಿಯಲ್ಲಿಡಿ. ಅದು ಬಿಡುವ ಆಮ್ಲದ ಆವಿಯಿಂದ ಪಕ್ಕದ ಚಾಕುಗಳಿಗೂ ಜಂಗು ಹತ್ತುತ್ತದೆ.

ಅಳತೆಯ ಮಾತು: 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿದ್ದು, ಮನೆ-ಹೊಲದ ಕೆಲಸಕ್ಕಲ್ಲದ ಚಾಕು ಆಯುಧವೆಂದೇ ಲೆಕ್ಕ. ಉತ್ತರ ಪ್ರದೇಶದ ರಾಮ್‌ಪುರದ ದೊಡ್ಡ ಮಡಚು ಚಾಕು ರಾಮ್‌ಪುರಿ ಕಂಡು ಆಸೆಪಡುವ ಮೊದಲು ಟೇಪು ಹಿಡಿಯಿರಿ. ಮೂರು, ಮೂರೂವರೆ ಇಂಚಿನ ಅಲಗಿನಲ್ಲೇ ಕುಶಲಕರ್ಮಿಯ ಕೈಚಳಕವೆಲ್ಲ ಕಾಣುತ್ತದೆ. ಹುಬ್ಬಳ್ಳಿಯಿಂದ ವಿಮಾನ ಹತ್ತುವಾಗ ಚಾಕುವನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ, ಕೈಚೀಲದಲ್ಲಿ ಬೇಡ.